ಕೇಪಿನ ಕೋವಿ ಇಟ್ಟುಕೊಂಡವರು ತಿಳಿದಿರಬೇಕಾದದ್ದು: ಪರವಾನಗಿ, ಬೇಟೆ ನಿಷೇಧ ಮತ್ತು ಜೋಪಾನ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಕಾಡಂಚಿನ ಊರುಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ಕತ್ತ ಇಟ್ಟು, ಗಜ ಎಂಬ ಉದ್ದನೆಯ ಸರಳಿನಿಂದ ಜಡಿದು, ಹಿಂಬದಿಯ ತೊಟ್ಟಿನ ಮೇಲೆ ಕೇಪು, ಅಂದರೆ ಬಡಿದಾಗ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿಗೆ, ಕೂರಿಸಿ ಹಾರಿಸುವ ಕೋವಿ ಇದು. ಪರವಾನಗಿ ಪುಸ್ತಕದಲ್ಲಿ ಇದನ್ನು ಎಸ್‌ಬಿಎಂಎಲ್ ಎಂದು ಬರೆದಿರುತ್ತಾರೆ. ಹಿಂಬದಿಯಿಂದ ತೋಟಾ ತುಂಬುವ ಒಂಟಿ ನಳಿಗೆಯ ಕೋವಿಯಾದರೆ ಎಸ್‌ಬಿಬಿಎಲ್ ಎಂದಿರುತ್ತದೆ. ನಾಗಮಂಗಲದ ಕಡೆ ನಮಗೆ ಜಮೀನಿದೆ. ಅಪ್ಪನ ಹೆಸರಿನಲ್ಲಿದ್ದ ಇಂಥದ್ದೊಂದು ಕೋವಿ ಈಗ ನನ್ನ ಹೆಸರಿಗೆ ಬಂದಿದೆ. ಆ ಕಾಗದ ಪತ್ರಗಳಿಗಾಗಿ ಓಡಾಡುವಾಗ ಕಲಿತದ್ದನ್ನು, ಆಮೇಲೆ ಕಾನೂನನ್ನು ಓದಿ ತಿಳಿದದ್ದನ್ನು, ಇದೇ ದಾರಿಯಲ್ಲಿರುವವರಿಗೆ ಅನುಕೂಲವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೋವಿ ಇಟ್ಟುಕೊಳ್ಳಲು ಕೊಡುವ ಪರವಾನಗಿಯೇ ಬೇರೆ, ಕಾಡುಪ್ರಾಣಿಯ ಮೇಲೆ ಗುಂಡು ಹಾರಿಸಲು ಕೊಡುವ ಅನುಮತಿಯೇ ಬೇರೆ. ಮೊದಲನೆಯದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ್ದು. ಮೊದಲನೆಯದು ಕೈಯಲ್ಲಿದೆ ಎಂದ ಮಾತ್ರಕ್ಕೆ ಎರಡನೆಯದು ತಾನಾಗಿ ಸಿಕ್ಕಂತಾಗುವುದಿಲ್ಲ. ಪರವಾನಗಿ ಪುಸ್ತಕದಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದು ಬರೆದಿದೆಯಲ್ಲ, ಹೊಲಕ್ಕೆ ಬಂದ ಹಂದಿಯನ್ನು ಹೊಡೆದರೆ ತಪ್ಪೇನು ಎಂದು ಕೇಳುವ ರೈತರನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಈ ಎರಡು ಕಾನೂನುಗಳ ನಡುವಿನ ಗೆರೆಯನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೇ.

ಹಳೆಯ ಕೋವಿಗೂ ಪರವಾನಗಿ ಬೇಕೇ?

ಬೇಕು. ‘ತಾತನ ಕಾಲದ್ದು, ತುಕ್ಕು ಹಿಡಿದಿದೆ, ಗೋಡೆಗೆ ಅಂದಕ್ಕೆ ತೂಗುಹಾಕಿದ್ದೇವೆ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಆ ವಿನಾಯಿತಿ ಸಲ್ಲುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ. ಕೇಪಿನ ಕೋವಿಯ ಯಂತ್ರ ಬಹಳ ಸರಳವಾದದ್ದು. ತೊಟ್ಟನ್ನು ಬದಲಿಸಿ, ಸ್ಪ್ರಿಂಗ್ ಸರಿಪಡಿಸಿದರೆ ಎಷ್ಟೋ ಹಳೆಯ ಕೋವಿಗಳು ಮತ್ತೆ ಕೆಲಸ ಮಾಡುತ್ತವೆ. ಹಾಗಾಗಿ ವಯಸ್ಸನ್ನು ನೆಚ್ಚಿಕೊಂಡು ಸುಮ್ಮನಿರುವುದು ಅಪಾಯ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಂಡದ್ದು ರುಜುವಾತಾದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ.

ಈಚೆಗೆ ಹುಡುಗರು ಅಮೆರಿಕದ ವಿಡಿಯೊಗಳನ್ನು ನೋಡಿ, ಬಾಯಿಯಿಂದ ತುಂಬುವ ಬಂದೂಕಿಗೆ ಪರವಾನಗಿಯೇ ಬೇಡವಂತೆ ಎಂದು ಹೇಳುವುದನ್ನು ಕೇಳಿದ್ದೇನೆ. ಅಲ್ಲಿಯ 1968ರ ಬಂದೂಕು ನಿಯಂತ್ರಣ ಕಾಯ್ದೆಯು 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳನ್ನೂ, ಕರಿಮದ್ದು ಬಳಸಿ ಬಾಯಿಯಿಂದ ತುಂಬುವ ಬಹುಪಾಲು ಬಂದೂಕುಗಳನ್ನೂ ಒಕ್ಕೂಟದ ಮಟ್ಟದಲ್ಲಿ ‘ಬಂದೂಕು’ ಎಂಬ ವ್ಯಾಖ್ಯೆಯ ಹೊರಗಿಟ್ಟಿದೆ. ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಇಂಥ ಬಂದೂಕಿಗೆಂದೇ ಬೇರೆ ಋತುವನ್ನೂ ಗೊತ್ತುಮಾಡುತ್ತಾರೆ. ಅದೆಲ್ಲ ಅಲ್ಲಿಯ ಮಾತು. ನಮ್ಮಲ್ಲಿ ಆ ವಿನಾಯಿತಿಯೂ ಇಲ್ಲ, ಆ ಋತುವೂ ಇಲ್ಲ.

ಪಿರಿಯಾಪಟ್ಟಣ, ಹುಣಸೂರಿನ ಕಡೆಯವರಿಗೆ ಇನ್ನೊಂದು ಗೊಂದಲವಿದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಗಡಿಯ ಈಚೆ ಜಮೀನು ಇರುವ ಮಾತ್ರಕ್ಕೆ ಅಥವಾ ಕೊಡಗಿನಲ್ಲಿ ನೆಂಟಸ್ತಿಕೆ ಇರುವ ಮಾತ್ರಕ್ಕೆ ಆ ವಿನಾಯಿತಿ ನಮಗೆ ಅನ್ವಯಿಸುವುದಿಲ್ಲ.

ಪರವಾನಗಿ ಪಡೆಯುವ ಬಗೆ

ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮನ್ನು ಓದಿದಾಗ ನನಗೆ ಸಮಾಧಾನವಾದ ಸಂಗತಿಯೊಂದಿದೆ. ಪ್ರಾಮಾಣಿಕವಾದ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನೇ ಕಾಯ್ದೆ ಹೆಸರಿಸಿ ಹೇಳುತ್ತದೆ. ಅದು ಸಾಲದು ಎಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಮಾತ್ರ ನಯವಾದ ನಳಿಗೆಯ ಬೇರೆ ಕೋವಿಗೆ ಪರವಾನಗಿ ಕೊಡಬಹುದು. ನಳಿಗೆಯ ಒಳಗೆ ಸುರುಳಿ ಗೆರೆಗಳನ್ನು ಕೊರೆದಿದ್ದರೆ ಅದು ರೈಫಲ್. ನಮ್ಮ ಹಳ್ಳಿಗಳ ಕೋವಿಗಳು ಸಾಮಾನ್ಯವಾಗಿ ಒಳಗೆ ನಯವಾಗಿರುವಂಥವು. ನಿಮ್ಮ ಬಳಿ ಇರುವುದು ಯಾವುದು ಎಂಬುದನ್ನು ಅರ್ಜಿ ಬರೆಯುವ ಮೊದಲೇ ನೋಡಿಕೊಳ್ಳಿ, ಏಕೆಂದರೆ ಪುಸ್ತಕದಲ್ಲಿರುವ ವಿವರಕ್ಕೂ ಮನೆಯಲ್ಲಿರುವ ಕೋವಿಗೂ ವ್ಯತ್ಯಾಸ ಕಂಡರೆ ಉತ್ತರ ಹೇಳಬೇಕಾದವರು ನೀವೇ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಯ ಗ್ರಾಮಾಂತರ ಭಾಗದವರು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಮೈಸೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ಇರುವವರಿಗೆ ಪೊಲೀಸ್ ಕಮಿಷನರ್ ಅವರೇ ಪ್ರಾಧಿಕಾರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿಯ ನಮೂನೆ ಎ-1. ಅದರೊಂದಿಗೆ ಗುರುತು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ವೈದ್ಯಕೀಯ ಪ್ರಮಾಣಪತ್ರ, ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತವೆ. ಬೆಳೆ ರಕ್ಷಣೆಗಾಗಿ ಕೇಳುವವರು ಪಹಣಿಯನ್ನೂ ಇಡಬೇಕು. ಇಲ್ಲಿ ಒಂದು ಎಚ್ಚರಿಕೆ: ಪಹಣಿ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ಮೊದಲು ನೋಡಿ. ನಮ್ಮ ಜಮೀನಿನ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದುದರಿಂದ ನನ್ನ ಅರ್ಜಿ ಒಮ್ಮೆ ಹಿಂದಿರುಗಿ ಬಂತು. ಪೌತಿ ಖಾತೆ ಮಾಡಿಸಿಕೊಂಡು ಮತ್ತೆ ಸಲ್ಲಿಸುವಷ್ಟರಲ್ಲಿ ಒಂದು ರಾಗಿ ಬೆಳೆಯೇ ಕಳೆದಿತ್ತು.

ಅರ್ಜಿ ಬಂದ ಮೇಲೆ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. ಠಾಣೆಯವರು ಮನೆಗೆ ಬಂದಾಗ ಕೋವಿಯನ್ನು ಎಲ್ಲಿ, ಹೇಗೆ ಇಡುತ್ತೀರಿ ಎಂದು ಕೇಳಬಹುದು. ಬೀಗ ಹಾಕುವ ಬೀರು ಅಥವಾ ಪೆಟ್ಟಿಗೆಯನ್ನು ಮೊದಲೇ ಸಿದ್ಧಮಾಡಿಕೊಂಡಿರುವುದು ಒಳ್ಳೆಯದು. ಆಸ್ತಿ ಸಾಕಷ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಎರಡು ಎಕರೆಯ ಹಿಡುವಳಿದಾರನೂ ಇದನ್ನು ನೆನಪಿಡಬೇಕು. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 18ನೇ ಕಲಮಿನ ಪ್ರಕಾರ ಮೇಲ್ಮನವಿಗೆ ಅವಕಾಶವಿದೆ, ಆದರೆ ಅದಕ್ಕೆ ಕಾಲಮಿತಿ ಇರುವುದರಿಂದ ಆದೇಶ ಕೈಗೆ ಬಂದ ವಾರದಲ್ಲೇ ವಕೀಲರನ್ನು ಕಾಣುವುದು ಕ್ಷೇಮ.

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷದ ಬದಲು 5 ವರ್ಷವಾಗಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಪುಸ್ತಕದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ನಮೂದಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ರಂಗನತಿಟ್ಟಿನಿಂದ ನಾಗರಹೊಳೆಯವರೆಗೆ: 10 ಕಿಲೋಮೀಟರಿನ ನಿಯಮ

ನಮ್ಮ ಎರಡು ಜಿಲ್ಲೆಗಳವರಿಗೆ ಬಹಳ ಮುಖ್ಯವಾದ, ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ನಿಯಮವೊಂದು ವನ್ಯಜೀವಿ ಕಾಯ್ದೆಯ 34ನೇ ಕಲಮಿನಲ್ಲಿದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಿಕೊಳ್ಳಬೇಕು. ಆ 10 ಕಿಲೋಮೀಟರಿನ ಒಳಗೆ ಹೊಸ ಪರವಾನಗಿಯನ್ನು ಅವರ ಪೂರ್ವ ಸಮ್ಮತಿ ಇಲ್ಲದೆ ಕೊಡುವಂತಿಲ್ಲ. ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟು, ಮೇಲುಕೋಟೆಯ ಅಭಯಾರಣ್ಯ, ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ನವಿಲುಧಾಮ, ಹುಣಸೂರಿನ ಬಳಿ ಅರಬಿತಿಟ್ಟು ಇವೆಲ್ಲ ಅಭಯಾರಣ್ಯಗಳೇ. ಬಂಡೀಪುರ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಗಳಿಗೂ ಈ ಕಲಮು ಅನ್ವಯಿಸುತ್ತದೆ. ನಕ್ಷೆಯ ಮೇಲೆ 10 ಕಿಲೋಮೀಟರಿನ ವೃತ್ತ ಎಳೆದು ನೋಡಿದರೆ ಎಷ್ಟು ಊರುಗಳು ಒಳಗೆ ಬರುತ್ತವೆ ಎಂಬುದು ಅರ್ಥವಾಗುತ್ತದೆ. ಅರ್ಜಿ ಏಕೆ ತಡವಾಗುತ್ತಿದೆ ಎಂದು ತಿಳಿಯದೆ ಕಚೇರಿಗಳಿಗೆ ಅಲೆಯುವವರು ಮೊದಲು ತಮ್ಮ ಊರು ಈ ವೃತ್ತದೊಳಗೆ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಅಭಯಾರಣ್ಯದ ಗಡಿಯೊಳಗೆ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ. ಪರವಾನಗಿ ಇರುವ ಕೋವಿಗೂ ಇದು ಅನ್ವಯ. ಕಾಡಿನ ನಡುವಿನ ಒಳದಾರಿಯಲ್ಲಿ ಹೊಲಕ್ಕೆ ಹೋಗುವ ಅಭ್ಯಾಸವಿರುವವರು ಕೋವಿ ಹಿಡಿದಾಗ ಸುತ್ತಿಕೊಂಡು ರಸ್ತೆಯಲ್ಲೇ ಹೋಗಬೇಕು.

ಹಂದಿ ಹೊಲಕ್ಕೆ ಬಂದಾಗ

ವನ್ಯಜೀವಿ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದು, ವಿಷವಿಡುವುದು, ಉರುಳು ಹಾಕುವುದು, ಬಲೆಯೊಡ್ಡುವುದು, ಅಟ್ಟಾಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಆನೆ, ಚಿರತೆ, ನವಿಲು ಮೊದಲನೆಯದರಲ್ಲಿವೆ. ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಅಥವಾ ಅಭಯಾರಣ್ಯದೊಳಗಿನ ಬೇಟೆಯಾದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ. ಇದರ ಮೇಲೆ, ಅಪರಾಧಕ್ಕೆ ಬಳಸಿದ ಕೋವಿಯ ಪರವಾನಗಿಯನ್ನು ರದ್ದುಪಡಿಸಿ, 5 ವರ್ಷ ಹೊಸ ಪರವಾನಗಿಗೆ ಅನರ್ಹಗೊಳಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಹಾಗಾದರೆ ಬೆಳೆ ಕಳೆದುಕೊಳ್ಳುವವನಿಗೆ ದಾರಿ ಯಾವುದು? ಕಾಯ್ದೆ ಒಂದು ಬಾಗಿಲನ್ನು ತೆರೆದಿಟ್ಟಿದೆ. 11ನೇ ಕಲಮಿನ ಪ್ರಕಾರ, ಎರಡನೇ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶದ ಮೂಲಕ ಅನುಮತಿ ಕೊಡಬಹುದು. ಆ ಆದೇಶ ಕೈಗೆ ಬರುವವರೆಗೆ ಗುಂಡು ಹಾರಿಸಬಾರದು. ‘ಫಾರೆಸ್ಟ್‌ನವರು ಬಾಯಲ್ಲಿ ಹೇಳಿದ್ದಾರೆ’ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದೇಶದ ಪ್ರಕಾರವೇ ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಮುಟ್ಟುವಂತಿಲ್ಲ. ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ ಎಂದೂ ಇದೇ ಕಲಮು ಹೇಳುತ್ತದೆ, ಆದರೆ ಆ ಹೊತ್ತಿಗೆ ನೀವೇ ಕಾಯ್ದೆ ಮುರಿಯುತ್ತಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಬೆಳೆ ಹಾನಿಯಾದ ಬೆಳಿಗ್ಗೆಯೇ ಫೋಟೊ ತೆಗೆದುಕೊಂಡು, ವಲಯ ಅರಣ್ಯ ಕಚೇರಿಗೆ ದೂರು ಕೊಟ್ಟು, ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳಿ. ಆನೆಯೋ ಚಿರತೆಯೋ ಹೊಲದಲ್ಲಿ ಇರುವಾಗ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕೇಪಿನ ಕೋವಿಯನ್ನು ನಂಬಿ ಮುಂದೆ ಹೋಗಬೇಡಿ. ಒಂದು ಈಡು, ಅಂದರೆ ಒಮ್ಮೆ ತುಂಬಿದ ಮದ್ದುಗುಂಡು, ಹಾರಿದ ಮೇಲೆ ಮತ್ತೆ ತುಂಬಲು ಎಷ್ಟು ಹೊತ್ತು ಬೇಕು ಎಂಬುದು ಕೋವಿ ಹಿಡಿದ ಪ್ರತಿಯೊಬ್ಬರಿಗೂ ಗೊತ್ತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಬ್ಬಿನ ಗದ್ದೆಯಲ್ಲಿ ಸೋಗೆ ಸರಿದಾಡಿದ ಸದ್ದಿಗೆ ಎಂದಿಗೂ ಕೋವಿ ಎತ್ತಬಾರದು. ನಮ್ಮ ಕಡೆ ನಾಲೆಯ ನೀರಿನ ಸರದಿ ರಾತ್ರಿ ಬರುತ್ತದೆ, ಪಂಪ್‌ಸೆಟ್ಟಿನ ಕರೆಂಟೂ ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಆ ಸೋಗೆಯ ಹಿಂದೆ ಇರುವುದು ನೀರು ಕಟ್ಟಲು ಬಂದ ಪಕ್ಕದ ಜಮೀನಿನವರಾಗಿರಬಹುದು. ಕಣ್ಣಿಗೆ ಕಾಣದ್ದರ ಕಡೆಗೆ ನಳಿಗೆ ತಿರುಗಬಾರದು.

ಎಲ್ಲಿಗೆ ಒಯ್ಯಬಾರದು, ಯಾರಿಗೆ ಕೊಡಬಾರದು

ಪರವಾನಗಿಯ ಷರತ್ತುಗಳ ಪ್ರಕಾರ ಕೋವಿಯನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಭೆಗಳಿಗೆ, ಶಾಲಾ ಕಾಲೇಜುಗಳ ಆವರಣಕ್ಕೆ ಒಯ್ಯುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಅಥವಾ ಊರಹಬ್ಬದಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪಕ್ಕದ ಹೊಲದವರು ‘ಒಂದು ರಾತ್ರಿಗೆ ಕೊಡಪ್ಪ, ಹಂದಿ ಕಾಟ ತಡೆಯಲಾರೆ’ ಎಂದು ಕೇಳಿದರೆ ಕೊಡಬಾರದು; ನೆರೆಹೊರೆಯ ದಾಕ್ಷಿಣ್ಯಕ್ಕೆ ಇಬ್ಬರೂ ಆರೋಪಿಗಳಾಗುತ್ತೀರಿ. ದುರಸ್ತಿಗಾಗಲಿ ಪರವಾನಗಿಯ ನವೀಕರಣಕ್ಕಾಗಲಿ ಬೇರೆಯವರು ಕೋವಿಯನ್ನು ಒಯ್ಯಬೇಕಾದರೆ ನಿಮ್ಮ ಲಿಖಿತ ಅಧಿಕಾರಪತ್ರ ಅವರ ಕೈಯಲ್ಲಿರಬೇಕು. ದುರಸ್ತಿಯನ್ನು ಪರವಾನಗಿ ಪಡೆದ ಅಂಗಡಿಯಲ್ಲೇ ಮಾಡಿಸಬೇಕು. ಊರಿನ ಕುಲುಮೆಯಲ್ಲಿ ನಳಿಗೆ ತುಂಡರಿಸುವುದು, ಹೊಸ ಕೋವಿ ಮಾಡಿಸುವುದು ಬಹಳ ಗಂಭೀರ ಅಪರಾಧ. ಪರವಾನಗಿ ಇಲ್ಲದೆ ಬಂದೂಕು ತಯಾರಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇರಿಸಲು ಸೂಚನೆ ಬರುತ್ತದೆ. ಒಪ್ಪಿಸುವಾಗ ಕೋವಿಯ ಸಂಖ್ಯೆ ಬರೆದ ರಸೀದಿ ಪಡೆಯಿರಿ. ಬೆಳೆ ಕಟಾವಿನ ಕಾಲವಾಗಿದ್ದು ನಿಜಕ್ಕೂ ತೊಂದರೆಯಾಗುವುದಾದರೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಅರ್ಜಿ ಕೊಡಬಹುದು.

ಪರವಾನಗಿದಾರ ತೀರಿಕೊಂಡರೆ ಮನೆಯವರು ವಿಳಂಬವಿಲ್ಲದೆ ಕೋವಿಯನ್ನು ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಇರಿಸಬೇಕು. ಹನ್ನೊಂದನೆಯ ದಿನ ಕಳೆಯುವವರೆಗೆ ಯಾರಿಗೂ ಇದು ಹೊಳೆಯುವುದಿಲ್ಲ. ಅದಕ್ಕಾಗಿ ಮನೆಯ ಹಿರಿಯರೇ ಮೊದಲೇ ಹೇಳಿಟ್ಟಿರಬೇಕು. ಕಾನೂನುಬದ್ಧ ವಾರಸುದಾರ ತನ್ನ ಹೆಸರಿಗೆ ಪರವಾನಗಿ ಕೇಳಬಹುದು. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಆತ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರನೊಬ್ಬನನ್ನು ಹೆಸರಿಸಿ ಅವನಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶವಿದೆ. ಈ ಎರಡನೆಯ ದಾರಿ ಎಲ್ಲ ರೀತಿಯಿಂದಲೂ ಮೇಲು.

ಗಜದ ಮೇಲಿನ ಗೆರೆ

ಅಪ್ಪ ಹಾಸಿಗೆ ಹಿಡಿದಿದ್ದ ವರ್ಷ ಆಯುಧಪೂಜೆಯ ದಿನ, ಅವರ ಎದುರಿಗೇ ಕೋವಿಯನ್ನು ಇಳಿಸಿ ಒರೆಸಲು ಕುಳಿತೆ. ತೊಟ್ಟಿನ ಮೇಲೆ ಕೇಪು ಇರಲಿಲ್ಲ. ಮಕ್ಕಳು ಸುತ್ತಲೂ ಕುಂಕುಮ, ಹೂವು ಹಿಡಿದು ನಿಂತಿದ್ದರು. ಮಲಗಿದ್ದಲ್ಲಿಂದಲೇ ಅಪ್ಪ, ‘ಗಜ ಬಿಟ್ಟು ನೋಡಿದೆಯೇನಪ್ಪ?’ ಎಂದರು. ಗಜವನ್ನು ನಳಿಗೆಯೊಳಗೆ ಬಿಟ್ಟೆ. ಖಾಲಿ ನಳಿಗೆಯಲ್ಲಿ ಎಲ್ಲಿಯವರೆಗೆ ಇಳಿಯಬೇಕು ಎಂದು ಅವರು ಗಜದ ಮೇಲೆ ಗೀರಿದ್ದ ಗೆರೆ, ನಳಿಗೆಯ ಬಾಯಿಯಿಂದ ನಾಲ್ಕು ಬೆರಳು ಮೇಲೆಯೇ ನಿಂತಿತು. ಈಡು ಒಳಗೇ ಇತ್ತು; ಎಷ್ಟು ತಿಂಗಳಿಂದ ಇತ್ತೋ ಅಪ್ಪನಿಗೂ ನೆನಪಿರಲಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ, ಬಾಯಿ ಯಾರ ಕಡೆಗೂ ತಿರುಗದಂತೆ ಕೋವಿಯನ್ನು ಒಳಗಿಟ್ಟು, ಆಮೇಲೆ ಬಲ್ಲವರಿಂದ ಈಡು ತೆಗೆಸಿದೆವು.

ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಈ ಗೆರೆಯ ಮಾತು. ಕೋವಿ ಖಾಲಿ ಇದೆ ಎಂದು ಖಚಿತವಾಗಿ ಗೊತ್ತಿರುವ ದಿನ ಗಜವನ್ನು ಪೂರ್ತಿ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಒಂದು ಗೆರೆ ಹಾಕಿ. ಕೋವಿಯನ್ನು ಕೈಗೆತ್ತಿಕೊಂಡಾಗಲೆಲ್ಲ ಗಜ ಬಿಟ್ಟು ನೋಡಿ. ಕೇಪು ಇಲ್ಲದ್ದನ್ನು ಖಾಲಿ ಕೋವಿ ಎಂದುಕೊಳ್ಳುವುದು ಹಳೆಯ, ಅಪಾಯಕಾರಿ ಅಭ್ಯಾಸ. ಒಳಗೆ ಉಳಿದ ಈಡನ್ನು ಗಜದಿಂದ ಕೆದಕಿ ತೆಗೆಯಲು ಹೋಗದೆ, ಪರವಾನಗಿ ಪಡೆದ ಅಂಗಡಿಯವರಿಗೆ ಮೊದಲು ವಿಷಯ ತಿಳಿಸಿ ಅವರ ಸಲಹೆಯಂತೆ ನಡೆಯಿರಿ.

ಮೈಸೂರು ದಸರೆಯಲ್ಲಿ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವುದನ್ನು ಎಲ್ಲರೂ ನೋಡಿರುತ್ತೀರಿ. ಅಲ್ಲಿ ಒಂದು ತೋಪು ಹಾರಿದ ಕೂಡಲೇ ಒದ್ದೆ ಬಟ್ಟೆ ಸುತ್ತಿದ ಕೋಲನ್ನು ಒಳಗೆ ತಳ್ಳಿ ಒರೆಸುವುದನ್ನು ಗಮನಿಸಿ. ಒಳಗೆ ಉಳಿದ ಕಿಡಿಯೊಂದು ಮುಂದಿನ ಮದ್ದಿಗೆ ತಗಲಿದರೆ ತುಂಬುವವನ ಕೈಯೇ ಹೋಗುತ್ತದೆ. ಕೋವಿಗೂ ಇದೇ ನ್ಯಾಯ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಅಳತೆಯ ಪಾತ್ರೆಗೆ ಹಾಕಿಕೊಂಡು, ಡಬ್ಬಿಯನ್ನು ಮುಚ್ಚಿ ದೂರವಿಟ್ಟ ಮೇಲೆ ಸುರಿಯಬೇಕು. ಮುಖ ನಳಿಗೆಯ ಮೇಲೆ ಬಾಗಬಾರದು. ಕೇಪು ಸಿಡಿದರೂ ಈಡು ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ತೋಟಾದೊಳಗಿನ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಹಾಕಿದರೆ ನಳಿಗೆ ಸೀಳಿಹೋಗುತ್ತದೆ. ಮದ್ದನ್ನು ಮನೆಯಲ್ಲಿ ತಯಾರಿಸುವ ಯೋಚನೆಯೂ ಬೇಡ. ಪರವಾನಗಿ ಪುಸ್ತಕ ತೋರಿಸಿ, ಅದರಲ್ಲಿ ನಮೂದಿಸಿದ ಪ್ರಮಾಣದಷ್ಟನ್ನೇ ಅಂಗಡಿಯಲ್ಲಿ ಕೊಳ್ಳಿ.

ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣವಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಸೋನೆ ಹಿಡಿದ ದಿನಗಳಲ್ಲಿ ಒಂದೇ ರಾತ್ರಿಗೆ ನಳಿಗೆಯೊಳಗೆ ತುಕ್ಕು ಕಾಣಿಸಿಕೊಳ್ಳಬಹುದು. ಹಾರಿಸಿದ ದಿನವೇ ತೊಟ್ಟನ್ನು ಬಿಚ್ಚಿ, ನಳಿಗೆಗೆ ಬಿಸಿನೀರು ಸುರಿದು, ಗಜಕ್ಕೆ ಸುತ್ತಿದ ಹತ್ತಿಬಟ್ಟೆ ಬೆಳ್ಳಗೆ ಹೊರಬರುವವರೆಗೆ ತಿಕ್ಕಿ ತೊಳೆಯಬೇಕು. ನೀರಿನ ಪಸೆ ಪೂರ್ತಿ ಆರಿದ ಮೇಲೆ ತೆಳುವಾಗಿ ಮೆಷಿನ್ ಎಣ್ಣೆ ಸವರಬೇಕು. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ತೊಟ್ಟಿನ ಸಣ್ಣ ರಂಧ್ರವನ್ನು ತಂತಿಯಿಂದ ಬಿಡಿಸಿ ಮತ್ತೆ ಕೂರಿಸಬೇಕು. ಕೋವಿ ಒಂದು ಕಡೆ, ಮದ್ದು ಮತ್ತು ಕೇಪು ಬೇರೆ ಕಡೆ, ಎರಡಕ್ಕೂ ಬೀಗ, ಬೀಗದ ಕೈ ಮಕ್ಕಳಿಗೆ ಎಟುಕದ ಜಾಗದಲ್ಲಿ. ಕೊನೆಗೊಮ್ಮೆ ಗಜ ಬಿಟ್ಟು ನೋಡಿ, ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ನಿಂತ ಮೇಲೆಯೇ ಬೀರುವಿನ ಬಾಗಿಲು ಮುಚ್ಚಬೇಕು.